ಡಿಜಿಟಲ್ ಫೈಲ್ ಮಾರೋರಿಗೂ ಕಸ್ಟಮರ್ ಸಪೋರ್ಟ್ ಅಷ್ಟೊಂದು ಬೇಕಾ? ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ

ಲೆಕ್ಕದ_ಶೀಟು:

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದ್ತಾ ಇದ್ದೆ, ಬರೀತಿರೋದು ಇದೇ ಮೊದಲು. ನಾನು ಸ್ಪ್ರೆಡ್‌ಶೀಟ್ ಟೆಂಪ್ಲೇಟ್ ಮಾಡಿ ಆನ್‌ಲೈನಲ್ಲಿ ಮಾರ್ತೀನಿ, ತಿಂಗಳ ಖರ್ಚಿನ ಲೆಕ್ಕದ್ದು ಒಂದು, ಫ್ರೀಲಾನ್ಸ್ ಮಾಡೋರಿಗೆ ಇನ್‌ವಾಯ್ಸ್ ಲೆಕ್ಕ ಇಡೋಕೆ ಒಂದು. ಎರಡೂ ಎಕ್ಸೆಲ್‌ನಲ್ಲೂ ಇದೆ ಗೂಗಲ್ ಶೀಟ್ಸ್‌ನಲ್ಲೂ ಇದೆ. ಹಗಲೆಲ್ಲ ಬೇರೆ ಕೆಲಸ, ಇದು ಸೈಡಲ್ಲಿ ನಡೀತಿರೋದು. "ಒಂದ್ಸಲ ಮಾಡಿಟ್ರೆ ಮುಗೀತು, ಮಲಗಿದ್ರೂ ದುಡ್ಡು ಬರತ್ತೆ" ಅಂತ ವಿಡಿಯೋದಲ್ಲಿ ಎಲ್ರೂ ಹೇಳ್ತಾರಲ್ಲ, ದುಡ್ಡಿನ ಜೊತೆ ಮೆಸೇಜೂ ಬರತ್ತೆ ಅನ್ನೋದನ್ನ ಮಾತ್ರ ಯಾರೂ ಬಾಯಿಬಿಡಲ್ಲ.

ಬರೋ ಮೆಸೇಜು ಹೆಚ್ಚುಕಮ್ಮಿ ಇಷ್ಟೇ. ಲಿಂಕ್ ಬಂದಿಲ್ಲ. ಫೈಲ್ ಓಪನ್ ಆಗ್ತಿಲ್ಲ. ಬಟನ್ ಒತ್ತಿದ್ರೆ ಏನೂ ಆಗ್ತಿಲ್ಲ, ಮೇಲ್ಗಡೆ ಕೆಂಪು ಪಟ್ಟಿ ಬರ್ತಿದೆ. ಗೂಗಲ್ ಶೀಟ್‌ಗೆ ಆಕ್ಸೆಸ್ ಕೊಡಿ. ತಾರೀಖು ತಿಂಗಳು ಅದಲುಬದಲು ಆಗ್ತಿದೆ. ಕೆಲವರು ಬರೀ ಪ್ರಶ್ನೆಚಿಹ್ನೆ ಕಳಿಸಿ ಸುಮ್ನಾಗ್ತಾರೆ, ಅದಕ್ಕೆ ಏನಂತ ಉತ್ತರ ಕೊಡೋದು ಹೇಳಿ. ಮೇಲ್‌ಗೂ ಬರತ್ತೆ, ಇನ್‌ಸ್ಟಾಗ್ರಾಮ್‌ಗೂ ಬರತ್ತೆ, ಒಬ್ರಂತೂ ಎಲ್ಲಿಂದ ಹುಡುಕಿದ್ರೋ ಏನೋ ಲಿಂಕ್ಡ್‌ಇನ್‌ನಲ್ಲಿ ಬಂದು ಕೇಳಿದ್ರು. ಮೊನ್ನೆ ಇನ್ನೊಬ್ರು ನನಗೆ ಒಂದೇ ಒಂದು ಮೇಲೂ ಹಾಕ್ದೆ ನೇರ ಬ್ಯಾಂಕಿಗೆ ಹೋಗಿ ಡಿಸ್ಪ್ಯೂಟ್ (ಕೊಟ್ಟ ದುಡ್ಡು ವಾಪಸ್ ಕೊಡಿಸಿ ಅನ್ನೋ ದೂರು) ಹಾಕಿದಾರೆ, ಫೈಲ್ ಡೌನ್‌ಲೋಡ್ ಮಾಡ್ಕೊಂಡಿರೋದು ನನ್ನ ಡ್ಯಾಶ್‌ಬೋರ್ಡಲ್ಲಿ ಕಣ್ಣಿಗೆ ಕಾಣ್ತಿದೆ.

ನನ್ನ ಪ್ರಶ್ನೆ ಏನಂದ್ರೆ, ಇಷ್ಟು ಕಮ್ಮಿ ರೇಟಿನ ಫೈಲ್‌ಗೂ ಇಷ್ಟೊಂದು ಸಪೋರ್ಟ್ ಕೊಡಬೇಕಾ? ಸುಮ್ನೆ ಒಂದು ಚಾಟ್‌ಬಾಟ್ ಹಾಕಿ ಕೈ ತೊಳ್ಕೊಂಡ್ರೆ ಆಗಲ್ವಾ? ರೀಫಂಡ್ ವಿಷಯದಲ್ಲಿ ನೀವೆಲ್ಲ ಏನ್ ಮಾಡ್ತೀರಾ? ಅನುಭವ ಇರೋರು ಹೇಳಿ ಪ್ಲೀಸ್.

ಪ್ರಿಸೆಟ್_ಅಂಗಡಿ:

ನೀವು ಬರೆದಿರೋ ಲಿಸ್ಟನ್ನ ನೀವೇ ಇನ್ನೊಂದ್ಸಲ ಓದಿ ನೋಡಿ. ಅದ್ರಲ್ಲಿ ಒಂದಾದ್ರೂ "ಬಜೆಟ್ ಹೇಗೆ ಹಾಕೋದು" ಅನ್ನೋ ಪ್ರಶ್ನೆ ಇದ್ಯಾ? ಇಲ್ಲ. ಎಲ್ಲಾ ಬಾಗಿಲಲ್ಲೇ ನಿಂತಿರೋರ ಪ್ರಶ್ನೆ, ಒಳಗೇ ಬಂದಿಲ್ಲ ಅವ್ರು. ದುಡ್ಡು ಕೊಟ್ಟಿದಾರೆ ಆದ್ರೆ ಕೊಂಡಿದ್ದನ್ನ ಇನ್ನೂ ನೋಡೇ ಇಲ್ಲ. ಆ ಹೊತ್ತಲ್ಲಿ ನೀವು ಸುಮ್ನಿದ್ರೆ ಅವ್ರಿಗೆ ಅನ್ನಿಸೋದು ಒಂದೇ, ಮೋಸ ಹೋದೆ ಅಂತ. ಕೈಯಲ್ಲಿ ಹಿಡಿಯೋ ಸಾಮಾನಾದ್ರೆ ಪಾರ್ಸೆಲ್ಲಾದ್ರೂ ಇರತ್ತೆ, ಇಲ್ಲಿ ಒಂದು ಮೇಲ್ ಬರ್ಲಿಲ್ಲ ಅಂದ್ರೆ ಏನೂ ಇಲ್ಲ.

ಗೂಗಲ್ ಶೀಟ್ ಆಕ್ಸೆಸ್ ವಿಷಯ ಇವತ್ತೇ ನಿಂತೋಗತ್ತೆ ನೋಡಿ. ನೀವು ಕೊಡ್ತಿರೋ ಲಿಂಕಿನ ಕೊನೇಲಿ ಎಡಿಟ್ ಅನ್ನೋ ಪದ ಇರತ್ತೆ, ಅದರಿಂದ ಆಚೆಗೆ ಇರೋದನ್ನೆಲ್ಲ ಅಳಿಸಿ ಎಡಿಟ್ ಜಾಗದಲ್ಲಿ ಕಾಪಿ ಅಂತ ಇಂಗ್ಲಿಷಲ್ಲಿ ಹಾಕಿ. ಶೇರಿಂಗ್‌ನಲ್ಲಿ "ಲಿಂಕ್ ಇರೋ ಯಾರಾದ್ರೂ ನೋಡಬಹುದು" ಅಂತಿರ್ಬೇಕು ಅಷ್ಟೇ. ಆಮೇಲೆ ಅವ್ರು ಲಿಂಕ್ ಒತ್ತಿದ ತಕ್ಷಣ "ಕಾಪಿ ಮಾಡ್ಕೊಳ್ತೀರಾ" ಅಂತ ಒಂದೇ ಬಟನ್ ಬರತ್ತೆ, ಒತ್ತಿದ್ರೆ ಅವ್ರ ಡ್ರೈವ್‌ಗೆ ಹೋಗತ್ತೆ. ಯಾರೂ ಆಕ್ಸೆಸ್ ಕೇಳೋ ಮಾತೇ ಬರಲ್ಲ.

ಲಿಂಕ್ ಬಂದಿಲ್ಲ ಅನ್ನೋರದ್ದು ಎರಡು ಥರ ಇರತ್ತೆ. ಒಂದು, ಮೇಲ್ ಐಡಿ ತಪ್ಪು ಟೈಪ್ ಮಾಡಿರ್ತಾರೆ, ಜಿಮೇಲ್ ಸ್ಪೆಲಿಂಗಲ್ಲಿ ಎರಡಕ್ಷರ ಹಿಂದುಮುಂದು ಆಗಿರತ್ತೆ, ನಿಮ್ಮ ಆರ್ಡರ್ ಲಿಸ್ಟಲ್ಲಿ ನೋಡಿದ್ರೆ ಗೊತ್ತಾಗತ್ತೆ. ಎರಡನೇದು ಸ್ಪ್ಯಾಮ್. ನಿಮ್ಮ ಸ್ವಂತ ಡೊಮೇನಿಂದ ಮೇಲ್ ಹೋಗ್ತಿದ್ರೆ ಎಸ್‌ಪಿಎಫ್, ಡಿಕಿಮ್ (ಮೇಲ್ ನಿಜವಾಗ್ಲೂ ನಿಮ್ಮ ಡೊಮೇನಿಂದಲೇ ಬಂದಿದ್ದು ಅಂತ ತೋರ್ಸೋ ಸೆಟ್ಟಿಂಗ್‌ಗಳು) ಸೆಟ್ ಆಗಿದ್ಯಾ ನೋಡ್ಕೊಳ್ಳಿ, ಗೂಗಲ್ ಮತ್ತೆ ಯಾಹೂ 2024ರ ಫೆಬ್ರವರಿಯಿಂದ ಇದ್ರಲ್ಲಿ ಬಿಗಿ ಮಾಡಿದಾರೆ. ದಿನಕ್ಕೆ 5000ಕ್ಕಿಂತ ಜಾಸ್ತಿ ಕಳ್ಸೋರಿಗೆ ಡಿಮಾರ್ಕ್ (ಆ ಪರೀಕ್ಷೆಯಲ್ಲಿ ಫೇಲಾದ ಮೇಲನ್ನ ಏನ್ ಮಾಡ್ಬೇಕು ಅಂತ ಹೇಳೋ ಸೆಟ್ಟಿಂಗ್) ಕೂಡ ಬೇಕು, ನಮ್ಮಂಥೋರಿಗೆ ಅಷ್ಟಿರಲ್ಲ ಬಿಡಿ, ಆದ್ರೂ ಮೊದಲೆರಡರಲ್ಲಿ ಒಂದಾದ್ರೂ ಇರ್ಲೇಬೇಕು, ಎರಡೂ ಇದ್ರೆ ಒಳ್ಳೇದು. ಇದಕ್ಕಿಂತ ಸುಲಭ ಅಂದ್ರೆ ದುಡ್ಡು ಕಟ್ಟಿದ ತಕ್ಷಣ ಬರೋ ಪೇಜಲ್ಲೇ ಡೌನ್‌ಲೋಡ್ ಬಟನ್ ಇಡೋದು, ಮೇಲ್ ಬಂದ್ರೆ ಬರ್ಲಿ ಬಿಟ್ರೆ ಬಿಡ್ಲಿ.

ನಾನು ಮಾರೋದು ಲೈಟ್‌ರೂಮ್ ಪ್ರಿಸೆಟ್, ಅಂದ್ರೆ ಆ ಫೋಟೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಒಂದೇ ಕ್ಲಿಕ್ಕಿಗೆ ಫೋಟೋದ ಬಣ್ಣ ಬೆಳಕು ಬದಲಾಯಿಸೋ ರೆಡಿ ಸೆಟ್ಟಿಂಗ್. 2018ರ ಏಪ್ರಿಲಲ್ಲಿ ಲೈಟ್‌ರೂಮ್ ಕ್ಲಾಸಿಕ್ 7.3 ಬಂದಾಗ ಪ್ರಿಸೆಟ್ ಫೈಲಿನ ಫಾರ್ಮ್ಯಾಟೇ ಎಕ್ಸ್‌ಎಂಪಿಗೆ ಬದಲಾಗಿದ್ದು, ಈಗಲೂ ಹಳೇ ಸಾಫ್ಟ್‌ವೇರ್ ಇಟ್ಕೊಂಡಿರೋರು ಬಂದು "ನಿಮ್ಮ ಫೈಲ್ ಸರಿ ಇಲ್ಲ" ಅಂತಾರೆ. ಫೋನಲ್ಲಿ ಎಡಿಟ್ ಮಾಡೋರಿಗೆ ಅಂತ ಡಿಎನ್‌ಜಿ (ಸೆಟ್ಟಿಂಗ್ ಒಳಗೇ ಇರೋ ಫೋಟೋ ಫೈಲ್) ಇಟ್ರೆ ಕಂಪ್ಯೂಟರ್‌ನೋರು ಅದನ್ನ ತೆಗ್ದು "ಇದೇನಿದು ಬರೀ ಫೋಟೋ ಕೊಟ್ಟಿದೀರಾ" ಅಂತ ಕೇಳ್ತಾರೆ. ಅದಕ್ಕೆ ಈಗ ಜಿಪ್ ಒಳಗೆ ಎರಡು ಫೋಲ್ಡರ್ ಇರತ್ತೆ, ಒಂದರ ಹೆಸರು "ಫೋನಿಗೆ", ಇನ್ನೊಂದರ ಹೆಸರು "ಕಂಪ್ಯೂಟರ್‌ಗೆ". ದೊಡ್ಡ ಪಿಡಿಎಫ್ ಗೈಡ್ ಬರೆದು ಇಟ್ಟಾಗ ಕಮ್ಮಿ ಆಗದೇ ಇರೋ ಮೆಸೇಜು ಫೋಲ್ಡರ್ ಹೆಸರಿಂದ ಕಮ್ಮಿ ಆಯ್ತು. ಗೈಡ್ ಯಾರೂ ಓದಲ್ಲ ರೀ.

ಹಳೇ_ಕೋಡ್:

ಆ ಕೆಂಪು ಪಟ್ಟಿ ಮ್ಯಾಕ್ರೋದು, ಅಂದ್ರೆ ಬಟನ್ ಒತ್ತಿದಾಗ ಶೀಟ್ ಒಳಗೆ ಓಡೋ ಸಣ್ಣ ಪ್ರೋಗ್ರಾಂದು. 2022ರಲ್ಲಿ ಮೈಕ್ರೋಸಾಫ್ಟ್‌ನೋರು ಇಂಟರ್‌ನೆಟ್ಟಿಂದ ಇಳಿಸ್ಕೊಂಡ ಆಫೀಸ್ ಫೈಲ್‌ಗಳಲ್ಲಿ ಮ್ಯಾಕ್ರೋ ತಾನಾಗೇ ಬ್ಲಾಕ್ ಆಗೋ ಥರ ಮಾಡಿದ್ರು. ಮೊದಲು ಹಳದಿ ಪಟ್ಟಿ ಬರ್ತಿತ್ತು, "ಎನೇಬಲ್" ಒತ್ತಿದ್ರೆ ಮುಗೀತಿತ್ತು, ಕೆಂಪು ಪಟ್ಟಿಯಲ್ಲಿ ಆ ಬಟನ್ನೇ ಇಲ್ಲ. ಕಸ್ಟಮರ್ ಏನ್ ಮಾಡ್ಬೇಕು ಅಂದ್ರೆ, ಎಕ್ಸೆಲ್ ಕ್ಲೋಸ್ ಮಾಡಿ, ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಜನರಲ್ ಟ್ಯಾಬಲ್ಲಿ ಕೆಳಗಡೆ "ಅನ್‌ಬ್ಲಾಕ್" ಅಂತ ಸಣ್ಣದೊಂದು ಚೌಕ ಇರತ್ತೆ, ಅದಕ್ಕೆ ಟಿಕ್ ಹಾಕಿ ಓಕೆ. ಇದು ಗೊತ್ತಿಲ್ಲದೋರಿಗೆ ಆ ಪಟ್ಟಿಯಲ್ಲಿ "ಸೆಕ್ಯೂರಿಟಿ ರಿಸ್ಕ್" ಅಂತ ಬರ್ದಿರೋದು ನೋಡಿದ್ರೆ ವೈರಸ್ ಮಾರಿದಾನೆ ಅಂತಾನೇ ಅನ್ಸೋದು, ಅವ್ರ ತಪ್ಪೇನಿಲ್ಲ. ನಿಮ್ಮನ್ನ ಕೇಳಿದಾರಲ್ಲ ಪುಣ್ಯ, ಕೇಳದೇ ಬ್ಯಾಂಕಿಗೆ ಹೋದೋರೂ ಇದಾರೆ ಅಂತ ನೀವೇ ಹೇಳ್ತಿದೀರಾ. ಆ ಬಟನ್ ಏನ್ ಕೆಲಸ ಮಾಡತ್ತೋ ಅದನ್ನ ಬರೀ ಫಾರ್ಮುಲಾದಲ್ಲಿ ಮಾಡೋಕಾದ್ರೆ ಮ್ಯಾಕ್ರೋ ಕಿತ್ತಾಕಿ ಅನ್ನೋದು ನನ್ನ ಸಲಹೆ.

ತಾರೀಖಿನದ್ದು ಮಾತ್ರ ತಮಾಷೆ ಅಲ್ಲ. ಲೆಕ್ಕದ ಶೀಟಲ್ಲಿ ಮೂರನೇ ತಿಂಗಳ ಖರ್ಚು ನಾಲ್ಕನೇ ತಿಂಗಳಿಗೆ ಹೋಗಿ ಕೂತ್ರೆ ಕಸ್ಟಮರ್‌ಗೆ ಗೊತ್ತೂ ಆಗಲ್ಲ, ಟೋಟಲ್ ತಪ್ಪು ಬರ್ತಾ ಹೋಗತ್ತೆ. ಗೂಗಲ್ ಶೀಟ್ಸಲ್ಲಿ ಫೈಲ್, ಸೆಟ್ಟಿಂಗ್ಸ್, ಲೊಕೇಲ್ ಅಂತಿದೆ ನೋಡಿ, ನಿಮ್ಮ ಮೂಲ ಶೀಟಲ್ಲಿ ಯಾವ ದೇಶದ್ದು ಇಟ್ಟಿದೀರೋ ಕಾಪಿ ಮಾಡ್ಕೊಂಡೋರಿಗೂ ಅದೇ ಹೋಗತ್ತೆ. ತಿಂಗಳು ಮೊದಲು ಬರ್ಯೋ ದೇಶದ್ದಿದ್ದು ಅವ್ರು ತಾರೀಖು ಮೊದಲು ಬರ್ದ್ರೆ ಎಲ್ಲಾ ಉಲ್ಟಾ. ಇದನ್ನ ಹೇಳೋಕೆ ಬಂದೋರು ನಿಮಗೆ ಪುಕ್ಕಟೆ ಟೆಸ್ಟಿಂಗ್ ಮಾಡಿಕೊಟ್ಟಿದಾರೆ, ಅವ್ರನ್ನ ತಲೆನೋವು ಅನ್ಕೋಬೇಡಿ.

ಸಪೋರ್ಟ್ ಮುಖ್ಯಾನಾ ಅಂತ ಕೇಳಿದ್ರಲ್ಲ, ನಾನು ಪ್ಲಗಿನ್ (ಬೇರೆ ಸಾಫ್ಟ್‌ವೇರಿಗೆ ಸೇರಿಸ್ಕೊಳ್ಳೋ ಸಣ್ಣ ಪ್ರೋಗ್ರಾಂ) ಮಾರ್ತೀನಿ, ಕೊಳ್ಳೋಕೆ ಮುಂಚೆ ಬರೋ ಪ್ರಶ್ನೆಗಳ ಬಗ್ಗೆ ಯಾರೂ ಮಾತಾಡಲ್ಲ ಇಲ್ಲಿ. "ಇದು ಇಂಥ ವರ್ಷನ್‌ನಲ್ಲಿ ನಡೆಯತ್ತಾ" ಅಂತ ಕೇಳೋನು ದುಡ್ಡು ಕೈಯಲ್ಲಿ ಹಿಡ್ಕೊಂಡು ಕೇಳ್ತಿರ್ತಾನೆ. ಬಹಳ ಸಲ ಅವನಿಗೆ ಉತ್ತರ ಗೊತ್ತಿರತ್ತೆ, ಪೇಜಲ್ಲೇ ಬರ್ದಿರತ್ತೆ, ಆ ಕಡೆ ಯಾರಾದ್ರೂ ಜೀವಂತ ಇದಾರಾ ಅಂತ ನೋಡೋಕೆ ಕೇಳೋದು ಅಷ್ಟೇ. ಅದಕ್ಕೆ ಉತ್ತರ ಮೂರು ದಿನ ಬಿಟ್ಟು ಹೋದ್ರೆ ಅವನು ಆಗ್ಲೇ ಬೇರೆಯೋರ ಹತ್ರ ತಗೊಂಡಾಗಿರತ್ತೆ.

ಸಿಡುಕ_ಸೆಲ್ಲರ್:

ಎಲ್ರೂ ಒಳ್ಳೇ ಮಾತಾಡ್ತಿದೀರಾ, ನಾನು ಸ್ವಲ್ಪ ಉಲ್ಟಾ ಹೇಳ್ತೀನಿ ಬೈಕೋಬೇಡಿ. ಸಪೋರ್ಟ್ ಬೇಕು ಸರಿ, ಆದ್ರೆ ಎಲ್ಲಿವರೆಗೆ? ಐಕಾನ್ ಪ್ಯಾಕ್ ಒಂದು ತಗೊಂಡು "ಇದನ್ನ ನನ್ನ ವೆಬ್‌ಸೈಟಿಗೆ ಹಾಕ್ಕೊಡಿ" ಅನ್ನೋರು, ಇ-ಬುಕ್ ತಗೊಂಡು "ನನ್ನ ಬಿಸಿನೆಸ್ ಪ್ಲಾನ್ ಸ್ವಲ್ಪ ನೋಡಿ ಹೇಳಿ" ಅನ್ನೋರು, ಇವ್ರಿಗೆಲ್ಲ ಉತ್ತರ ಕೊಡ್ತಾ ಕೂತ್ರೆ ಬೆರಳು ಕೊಟ್ರೆ ಹಸ್ತ ನುಂಗಿದ್ರು ಅಂತಾರಲ್ಲ ಹಂಗಾಗತ್ತೆ. ಫೈಲ್ ಕೈಗೆ ಸಿಗೋದು, ಓಪನ್ ಆಗೋದು, ಪೇಜಲ್ಲಿ ಹೇಳಿರೋ ಕೆಲಸ ಮಾಡೋದು, ಈ ಮೂರು ನನ್ನ ಜವಾಬ್ದಾರಿ. ಅದರ ಬಣ್ಣ ಬದಲಾಯಿಸಿ ಕೊಡೋದು, ಇನ್ನೊಂದು ಕಾಲಂ ಸೇರಿಸಿ ಕೊಡೋದು ಬೇರೆ ಕೆಲಸ, ಅದಕ್ಕೆ ಬೇರೆ ರೇಟು. ಇದನ್ನ ಕೊಂಡಾದ್ಮೇಲೆ ಹೇಳಿದ್ರೆ ಜಗಳ ಆಗತ್ತೆ, ಪ್ರಾಡಕ್ಟ್ ಪೇಜಲ್ಲೇ ಬರ್ದಿಟ್ರೆ ಜಗಳ ಇರಲ್ಲ.

ಇನ್ನೊಂದು, ಇನ್‌ಸ್ಟಾದಲ್ಲಿ ಬಂದೋರಿಗೆ ಇನ್‌ಸ್ಟಾದಲ್ಲೇ ಬಿಡಿಸಿ ಹೇಳೋಕೆ ಹೋಗ್ಬೇಡಿ. "ನೋಡಿದೆ, ಆರ್ಡರ್ ಮಾಡಿದ ಮೇಲ್ ಐಡಿಯಿಂದ ಸಪೋರ್ಟ್ ಮೇಲ್‌ಗೆ ಒಂದು ಲೈನ್ ಹಾಕಿ, ಅಲ್ಲೇ ಸರಿ ಮಾಡ್ಕೊಡ್ತೀನಿ" ಅಂತ ಒಂದೇ ಸಾಲು. ಎಲ್ಲಾ ಒಂದೇ ಕಡೆ ಇದ್ರೆ ನಾಳೆ ಜಗಳ ಆದಾಗ ಹುಡುಕೋಕೂ ಸಿಗತ್ತೆ. ಪ್ರಶ್ನೆಚಿಹ್ನೆ ಕಳ್ಸೋರಿಗೆ ನಾನು ಕೇಳೋದು ಇಷ್ಟೇ, ಫೋನಾ ಕಂಪ್ಯೂಟರಾ, ಏನ್ ಒತ್ತಿದ್ರಿ, ಸ್ಕ್ರೀನ್‌ಶಾಟ್ ಕಳ್ಸಿ. ಅರ್ಧ ಜನ ಸ್ಕ್ರೀನ್‌ಶಾಟ್ ತೆಗೆಯೋಕೆ ಹೋದಾಗ ತಾವೇ ಸರಿ ಮಾಡ್ಕೊಂಡಿರ್ತಾರೆ.

ರೀಫಂಡ್ ಬಗ್ಗೆ ಹೇಳೋದಾದ್ರೆ ಕೇಳಿದೋರಿಗೆಲ್ಲ ಕಣ್ಮುಚ್ಚಿ ಕೊಡೋದು ನಂಗಂತೂ ಸರಿ ಕಾಣಲ್ಲ. ಫೈಲ್ ವಾಪಸ್ ತಗೊಳ್ಳೋಕಾಗಲ್ವಲ್ಲ. ಓಪನ್ ಆಗ್ಲಿಲ್ಲ, ಪೇಜಲ್ಲಿ ಹೇಳಿದ್ದು ಇಲ್ಲ ಅಂದ್ರೆ ಕೊಡ್ತೀನಿ. ನೋಡ್ದೆ, ಬೇಡ ಅನ್ನಿಸ್ತು ಅಂದ್ರೆ ಕೊಡಲ್ಲ.

ಪ್ರಿಸೆಟ್_ಅಂಗಡಿ:

@ಸಿಡುಕ_ಸೆಲ್ಲರ್ ಬೌಂಡರಿ ಹಾಕ್ಬೇಕು ಅನ್ನೋದನ್ನ ಒಪ್ತೀನಿ ಸರ್, ರೀಫಂಡ್ ವಿಷಯ ಒಪ್ಪಲ್ಲ. ಕಾಪಿ ಮಾಡ್ಕೊಂಡು ದುಡ್ಡು ವಾಪಸ್ ಕೇಳೋರು ಇದಾರೆ ನಿಜ, ಆದ್ರೆ ಅಂಥೋರು ನೀವು ಇಲ್ಲ ಅಂದ್ರೆ ಸುಮ್ನಿರಲ್ಲ, ಡಿಸ್ಪ್ಯೂಟ್ ಹಾಕ್ತಾರೆ. ವೀಸಾ, ಮಾಸ್ಟರ್‌ಕಾರ್ಡಲ್ಲಿ ಬಹಳಷ್ಟು ಕಾರಣಗಳಿಗೆ 120 ದಿನದವರೆಗೆ ಟೈಮ್ ಇರತ್ತೆ. ಆಗ ದುಡ್ಡೂ ಹೋಗತ್ತೆ, ಎಷ್ಟೋ ಪೇಮೆಂಟ್ ಗೇಟ್‌ವೇಗಳಲ್ಲಿ (ನಮ್ಮ ಪರವಾಗಿ ಆನ್‌ಲೈನಲ್ಲಿ ದುಡ್ಡು ತಗೊಳ್ಳೋ ಸೇವೆ) ಮೇಲೆ ಫೀಸೂ ಬೀಳತ್ತೆ, ಡಿಸ್ಪ್ಯೂಟ್ ಜಾಸ್ತಿ ಆದ್ರೆ ಅಕೌಂಟಿಗೇ ಕುತ್ತು. ಕಮ್ಮಿ ರೇಟಿನ ಫೈಲಿಗೆ ಅಷ್ಟು ರಿಸ್ಕ್ ಯಾಕೆ. ಕಂಪ್ಯೂಟರ್ ಗೇಮ್ ಮಾರೋ ಸ್ಟೀಮ್‌ನೋರು ನೋಡಿ, 2015ರಿಂದ ಗೇಮ್ ತಗೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಮ್ಮಿ ಇದ್ರೆ ಕಾರಣ ಏನೇ ಇರ್ಲಿ ರೀಫಂಡ್ ಕೊಡ್ತಾರೆ. ಅವ್ರಿಗೆ ಎಷ್ಟೊತ್ತು ಆಡಿದ್ರು ಅಂತ ಗೊತ್ತಾಗತ್ತೆ ನಮಗೆ ಗೊತ್ತಾಗಲ್ಲ ಅನ್ನೋದು ಸರಿ, ಆದ್ರೆ ರೂಲು ಎಷ್ಟು ಸಿಂಪಲ್ ಇದೆ ನೋಡಿ, ಇಬ್ಬರಿಗೂ ವಾದ ಮಾಡೋಕೆ ಏನೂ ಉಳಿದಿಲ್ಲ ಅಲ್ಲಿ.

ಸಿಡುಕ_ಸೆಲ್ಲರ್:

ಸ್ಟೀಮ್‌ಗೆ ನಮ್ಮನ್ನ ಹೋಲಿಸ್ಬೇಡಿ ಮೇಡಂ, ಅಲ್ಲಿ ರೀಫಂಡ್ ಆದ್ರೆ ಗೇಮ್ ಲೈಬ್ರರಿಯಿಂದ ಹೋಗತ್ತೆ, ನಮ್ಮ ಜಿಪ್ ಅವ್ರ ಡೆಸ್ಕ್‌ಟಾಪಲ್ಲೇ ಇರತ್ತೆ. ಡಿಸ್ಪ್ಯೂಟ್ ಭಯ ಇದೆ ಅನ್ನೋದು ಒಪ್ಪಿದೆ. ಅದಕ್ಕೇ ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಬರೋ ಹೆಸರು ಅಂಗಡಿ ಹೆಸರೇ ಇರೋ ಥರ ನೋಡ್ಕೊಳ್ಳಿ, ಯಾವುದೋ ಅರ್ಥ ಆಗದ ಹೆಸರು ಬಂದ್ರೆ ಜನ ತಾವು ಕೊಂಡಿದ್ದೇ ಮರ್ತು ಡಿಸ್ಪ್ಯೂಟ್ ಹಾಕ್ತಾರೆ.

ನಡುಮನೆ:

ಚಾಟ್‌ಬಾಟ್ ಬಗ್ಗೆ ಯಾರೂ ಹೇಳಿಲ್ಲ ಅಂತ ಬರೀತಿದೀನಿ. ಏರ್ ಕೆನಡಾದ ವೆಬ್‌ಸೈಟಲ್ಲಿದ್ದ ಬಾಟ್ ಒಬ್ಬ ಪ್ಯಾಸೆಂಜರ್‌ಗೆ, ಮನೆಯೋರು ತೀರ್ಕೊಂಡಾಗ ಕೊಡೋ ಡಿಸ್ಕೌಂಟನ್ನ ಟಿಕೆಟ್ ತಗೊಂಡ್ಮೇಲೂ ಕ್ಲೈಮ್ ಮಾಡಬಹುದು ಅಂತ ಹೇಳ್ಬಿಡ್ತು. ಕಂಪನಿ ಪಾಲಿಸಿ ಹಂಗಿರ್ಲಿಲ್ಲ. ಬಾಟ್ ಹೇಳಿದ್ದಕ್ಕೆ ಅದೇ ಹೊಣೆ ಅನ್ನೋ ಥರ ವಾದ ಮಾಡಿದ್ರು ಕಂಪನಿಯೋರು, 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ಟ್ರಿಬ್ಯೂನಲ್ ಅದಕ್ಕೆ ಸೊಪ್ಪು ಹಾಕ್ಲಿಲ್ಲ, ನಿಮ್ಮ ವೆಬ್‌ಸೈಟಲ್ಲಿ ಇರೋದಕ್ಕೆಲ್ಲ ನೀವೇ ಜವಾಬ್ದಾರಿ ಅಂತ ಪ್ಯಾಸೆಂಜರ್‌ಗೆ ಪರಿಹಾರ ಕೊಡಿಸ್ತು. ಅಷ್ಟು ದೊಡ್ಡೋರಿಗೇ ಹಿಂಗಾದ್ರೆ ನಮ್ಮ ಬಾಟ್ "ಹ್ಞೂ ರೀಫಂಡ್ ಸಿಗತ್ತೆ" ಅಂತ ಯಾರಿಗೋ ಹೇಳಿ ಕೂತ್ರೆ ಏನ್ ಮಾಡೋದು. ಲಿಂಕ್ ಮತ್ತೆ ಕಳ್ಸೋದು, ಅನ್‌ಬ್ಲಾಕ್ ಹೇಗೆ ಅಂತ ತೋರ್ಸೋದು, ಇಂಥದ್ದಕ್ಕೆ ಇಡಿ ಬೇಕಾದ್ರೆ. ದುಡ್ಡಿನ ಮಾತು ಬಂದ ತಕ್ಷಣ ನಿಮ್ಮ ಮೇಲ್‌ಗೆ ಬರೋ ಹಂಗಿರ್ಲಿ.

ಇನ್ನೊಂದು, ಯುರೋಪಿನ ಕಸ್ಟಮರ್ಸ್ ಇದ್ರೆ "ನೋ ರೀಫಂಡ್" ಅಂತ ದೊಡ್ಡಕ್ಷರದಲ್ಲಿ ಬರ್ದಿಟ್ಟ ಮಾತ್ರಕ್ಕೆ ಆಗಲ್ಲ. ಅಲ್ಲಿ ಆನ್‌ಲೈನ್ ಖರೀದಿಗೆ 14 ದಿನ ಮನಸ್ಸು ಬದಲಾಯಿಸೋ ಹಕ್ಕಿದೆ. ಡೌನ್‌ಲೋಡ್ ಮಾಡೋ ಫೈಲಿಗೆ ಅದು ಹೋಗಬೇಕು ಅಂದ್ರೆ ಕೊಳ್ಳೋವಾಗ "ಈಗ್ಲೇ ಕೊಡಿ, ಆ ಹಕ್ಕು ಹೋಗತ್ತೆ ಅಂತ ಗೊತ್ತು" ಅಂತ ಅವ್ರು ಒಪ್ಕೊಂಡಿರ್ಬೇಕು, ಅದನ್ನ ನೀವು ಮೇಲಲ್ಲಿ ಕನ್ಫರ್ಮ್ ಕೂಡ ಮಾಡಿರ್ಬೇಕು. ಫೈಲೇ ಕೆಟ್ಟಿದ್ರೆ ಅದು ಬೇರೆ ಮಾತು, ಅದಕ್ಕೆ ಈ ಒಪ್ಪಿಗೆ ರಕ್ಷಣೆ ಕೊಡಲ್ಲ.

ಲೆಕ್ಕದ_ಶೀಟು:

ಅಯ್ಯೋ ಇಷ್ಟೊಂದು ಉತ್ತರ ಬರತ್ತೆ ಅನ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಕಾಪಿ ಲಿಂಕ್ ಈಗಷ್ಟೇ ಹಾಕಿ ಬೇರೆ ಅಕೌಂಟಿಂದ ನೋಡ್ದೆ, ಸೂಪರ್ ಆಗಿ ಕೆಲಸ ಮಾಡ್ತಿದೆ. ಲೊಕೇಲ್ ನೋಡಿದ್ರೆ @ಹಳೇ_ಕೋಡ್ ಹೇಳಿದ್ದೇ ನಿಜ, ಅಮೆರಿಕದ್ದೇ ಇತ್ತು.

ಎರಡು ಡೌಟು. ಡಿಸ್ಪ್ಯೂಟ್ ಹಾಕಿರೋರಿಗೆ ಈಗ ರೀಫಂಡ್ ಕೊಟ್ಬಿಟ್ರೆ ಮುಗಿಯತ್ತಾ? ಮತ್ತೆ ಹಗಲು ನಾನು ಕೆಲಸದಲ್ಲಿರ್ತೀನಲ್ಲ, ಆಟೋ ರಿಪ್ಲೈಯಲ್ಲಿ ಏನ್ ಬರೀಲಿ? "ನಿಮ್ಮ ಮೆಸೇಜ್ ನಮಗೆ ಬಹಳ ಮುಖ್ಯ" ಅಂತ ಹಾಕೋಕೆ ನಂಗೇ ನಗು ಬರತ್ತೆ.

ಹಳೇ_ಕೋಡ್:

ಬೇಡ ಬೇಡ, ಈಗ ಬೇರೆಯಾಗಿ ರೀಫಂಡ್ ಕೊಡ್ಬೇಡಿ. ಡಿಸ್ಪ್ಯೂಟ್ ಓಪನ್ ಆದಾಗ ಸಾಮಾನ್ಯವಾಗಿ ಆ ದುಡ್ಡು ನಿಮ್ಮ ಬ್ಯಾಲೆನ್ಸಿಂದ ಆಗ್ಲೇ ಹಿಡ್ಕೊಂಡಿರ್ತಾರೆ, ನೀವು ಮತ್ತೆ ಕೊಟ್ರೆ ಎರಡು ಸಲ ಕೊಟ್ಟಂಗೆ ಆಗತ್ತೆ. ಕೆಲವು ಗೇಟ್‌ವೇಲಿ ಆ ಬಟನ್ನೇ ಆಫ್ ಆಗಿರತ್ತೆ. ಇರೋದು ಎರಡೇ ದಾರಿ, ಡ್ಯಾಶ್‌ಬೋರ್ಡಲ್ಲಿ ಡಿಸ್ಪ್ಯೂಟನ್ನ ಒಪ್ಕೊಳ್ಳೋದು, ಇಲ್ಲಾ ಕೊಟ್ಟಿರೋ ಗಡುವಿನೊಳಗೆ ಸಾಕ್ಷಿ ಹಾಕೋದು. ಸಾಕ್ಷಿ ಅಂದ್ರೆ ಉದ್ದುದ್ದ ಕತೆ ಬರೀಬೇಡಿ, ಬ್ಯಾಂಕಲ್ಲಿ ಅದನ್ನ ನೋಡೋರಿಗೆ ಅಷ್ಟು ಟೈಮಿರಲ್ಲ. ಆರ್ಡರ್ ಆದ ಸಮಯ, ಮೇಲ್ ಐಡಿ, ಯಾವ ಐಪಿಯಿಂದ (ಅವ್ರ ಇಂಟರ್‌ನೆಟ್ ವಿಳಾಸ) ಎಷ್ಟೊತ್ತಿಗೆ ಡೌನ್‌ಲೋಡ್ ಆಯ್ತು, ಕೊಳ್ಳೋವಾಗ ತೋರ್ಸಿದ ರೀಫಂಡ್ ಪಾಲಿಸಿಯ ಸ್ಕ್ರೀನ್‌ಶಾಟ್, ಇಷ್ಟು ಒಂದು ಪುಟದಲ್ಲಿ. ಜೊತೆಗೆ ಅವ್ರಿಗೆ ಒಂದು ಮೇಲ್ ಹಾಕಿ, ಬೈಯ್ಯೋಕಲ್ಲ, "ಏನ್ ತೊಂದರೆ ಆಯ್ತು, ಮ್ಯಾಕ್ರೋ ಬ್ಲಾಕ್ ಆಗಿದ್ರೆ ಹಿಂಗೆ ಮಾಡಿ" ಅಂತ. ಸರಿ ಹೋದ್ರೆ ಬ್ಯಾಂಕಿಗೆ ಹೇಳಿ ಅವ್ರೇ ವಾಪಸ್ ತಗೊಳ್ಳೋದೂ ಇದೆ, ಆದ್ರೂ ನೀವು ಸಾಕ್ಷಿ ಹಾಕೋದು ಬಿಡ್ಬೇಡಿ.

ನಡುಮನೆ:

ಆಟೋ ರಿಪ್ಲೈಗೆ ನಾನು ಇಟ್ಟಿರೋದು ಹಿಂಗಿದೆ, ಬೇಕಾದ್ರೆ ಎತ್ಕೊಳ್ಳಿ: "ಮೇಲ್ ಸಿಕ್ತು. ನಾನೊಬ್ಬನೇ ಇದನ್ನ ನೋಡ್ಕೊಳ್ಳೋದು, ಸಂಜೆ 7ರ ಮೇಲೆ ಕೂತು ಉತ್ತರ ಬರೀತೀನಿ, ಶನಿವಾರ ಭಾನುವಾರವೂ ಅಷ್ಟೇ. ಅಷ್ಟರೊಳಗೆ ಡೌನ್‌ಲೋಡ್ ಬೇಕಿದ್ರೆ ಈ ಪೇಜಲ್ಲಿ ನಿಮ್ಮ ಮೇಲ್ ಐಡಿ ಹಾಕಿದ್ರೆ ಲಿಂಕ್ ಮತ್ತೆ ಬರತ್ತೆ. ಫೈಲ್ ಓಪನ್ ಆಗದೇ ಇದ್ರೆ ಒಂದು ಸ್ಕ್ರೀನ್‌ಶಾಟ್, ಫೋನಾ ಕಂಪ್ಯೂಟರಾ ಅಂತ ಈ ಮೇಲ್‌ಗೇ ರಿಪ್ಲೈ ಮಾಡಿ." ಒಬ್ಬನೇ ಇದೀನಿ ಅಂತ ಹೇಳೋಕೆ ಸಂಕೋಚ ಬೇಡ, "ನಮ್ಮ ಟೀಮ್" ಅಂತ ಬರ್ದ್ರೆ ಜನ ಟೀಮ್ ಥರಾನೇ ಸ್ಪೀಡ್ ಕೇಳ್ತಾರೆ. ಟೈಮ್ ಹೇಳಿದ್ರೆ ಮಾತ್ರ ಆ ಟೈಮಿಗೆ ಉತ್ತರ ಹೋಗ್ಲೇಬೇಕು.

ಪ್ರಿಸೆಟ್_ಅಂಗಡಿ:

ಅದಕ್ಕೆ ಇನ್ನೊಂದು ಸೇರಿಸಿ, ಜಿಪ್ ಕೊಡ್ತಿದ್ರೆ "ಮೊದಲು ಎಕ್ಸ್‌ಟ್ರ್ಯಾಕ್ಟ್ ಮಾಡಿ". ವಿಂಡೋಸಲ್ಲಿ ಜಿಪ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಫೋಲ್ಡರ್ ಥರಾನೇ ತೆರ್ಕೊಳತ್ತೆ, ಜನ ಒಳಗಿಂದಲೇ ಶೀಟ್ ತೆಗ್ದು ಒಂದು ತಾಸು ಕೂತು ಎಂಟ್ರಿ ಮಾಡಿ ಆಮೇಲೆ ಸೇವ್ ಆಗ್ಲಿಲ್ಲ ಅಂತ ಬರ್ತಾರೆ.

ಲೆಕ್ಕದ_ಶೀಟು:

ಹೌದು ಹೌದು, "ನಿನ್ನೆ ಬರ್ದಿದ್ದೆಲ್ಲ ಹೋಯ್ತು" ಅಂತ ಒಬ್ರು ಹೇಳಿದ್ರು, ಇದೇ ಇರ್ಬೇಕು! ಅವ್ರಿಗೆ ಈಗ್ಲೇ ಮೇಲ್ ಹಾಕ್ತೀನಿ. ಮ್ಯಾಕ್ರೋ ತೆಗೆಯೋಕೆ ಇನ್‌ವಾಯ್ಸ್ ಶೀಟಲ್ಲಿ ಸ್ವಲ್ಪ ಕಷ್ಟ ಇದೆ, ಅದೊಂದನ್ನ ಹಂಗೇ ಇಟ್ರೆ ಫೋನಲ್ಲಿ ಬಳಸೋರಿಗೆ ನಡೆಯತ್ತಾ?

ಹಳೇ_ಕೋಡ್:

ನಡೆಯಲ್ಲ. ವಿಬಿಎ (ಎಕ್ಸೆಲ್ ಮ್ಯಾಕ್ರೋ ಬರೆಯೋ ಭಾಷೆ) ಮ್ಯಾಕ್ರೋ ಫೋನಿನ ಎಕ್ಸೆಲಲ್ಲೂ ಓಡಲ್ಲ, ಬ್ರೌಸರ್‌ನಲ್ಲಿ ತೆಗೆಯೋ ಎಕ್ಸೆಲಲ್ಲೂ ಓಡಲ್ಲ, ಕಂಪ್ಯೂಟರಲ್ಲಿ ಇನ್‌ಸ್ಟಾಲ್ ಮಾಡಿರೋದ್ರಲ್ಲೇ ಆಗ್ಬೇಕು. ಪ್ರಾಡಕ್ಟ್ ಪೇಜಲ್ಲಿ ರೇಟಿನ ಪಕ್ಕದಲ್ಲೇ ಅದನ್ನ ಬರೀರಿ, ಕೆಳಗಡೆ ಎಲ್ಲೋ ಬೇಡ. ಕೊಳ್ಳೋರು ಒಂದಷ್ಟು ಜನ ಕಮ್ಮಿ ಆಗ್ತಾರೆ, ಆಗ್ಲಿ ಬಿಡಿ, ಆ ಒಂದಷ್ಟು ಜನ ಹೆಂಗೂ ರೀಫಂಡ್ ಕೇಳೋರೇ.